ಯಾವುದನ್ನೂ ಎಸೆಯದ ಬೀದಿ

“ಬಂದ ನೋಡ್ರಪ್ಪಾ, ಕಣ್ಣು ಕೀಳೋ ಮೇಸ್ತ್ರಿ! ಯಾರ ಮನೇಲಿ ಇನ್ನೂ ಎರಡೆರಡು ಕಣ್ಣು ಉಳ್ಕೊಂಡಿದೆಯೋ ಅವರೆಲ್ಲ ಪಾತ್ರೆ ತಗೊಂಡು ಬನ್ನಿ, ರಿಪೇರಿ ಮಾಡ್ಕೊಡ್ತಾನೆ!”

ಬ್ರೆಡ್ಡಿನ ಅಂಗಡಿಯ ಮುಂದೆ ಕಾಯುತ್ತಿದ್ದ ಮೂವತ್ತು ನಲವತ್ತು ಜನರ ನಡುವಿನಿಂದ ಯಾಮಿಲಾ ಕೂಗಿದಳು. ಅವಳು ತಲೆ ಬಾಚಿ ನಾಲ್ಕು ದಿನವಾಗಿತ್ತು. ಸಾಂತಾ ಕ್ಲಾರಾದ ಆಸ್ಪತ್ರೆಯಲ್ಲಿ ತಾಯಿಯ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದು, ಬೆಳಿಗ್ಗೆ ಯಾವುದೋ ಲಾರಿ ಹತ್ತಿ ಊರಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಚಾದರವಿಲ್ಲ, ಗಾಯಕ್ಕೆ ಸುತ್ತಲು ಬಟ್ಟೆಯಿಲ್ಲ. ಎಲ್ಲವನ್ನೂ ಮನೆಯಿಂದಲೇ ಒಯ್ಯಬೇಕು. ಸಂಜೆ ಅದೇ ಲಾರಿಗೆ ವಾಪಸ್ಸು ಹೊರಡುವವಳು.

ಯಾರೋ ಕಿಸಕ್ಕನೆ ನಕ್ಕರು. ನಕ್ಕು, ಕೆಮ್ಮಿದಂತೆ ನಟಿಸಿದರು.

ರಿಪೇರಿ ಮೇಸ್ತ್ರಿ ಒಸ್ಮಾನಿ ಕಿವಿಗೆ ಹಾಕಿಕೊಳ್ಳದವನಂತೆ ಎಂದಿನ ಹಾಗೆ ಕೇಳಿದ: “ಕೊನೆಯವರು ಯಾರು?”

ಕೈಬರಿಯೆನ್‌ ಎಂಬ ಈ ಕಡಲೂರಿನಲ್ಲಿ ಸಾಲಿಗೆ ಸೇರುವುದು ಹೀಗೆಯೇ. ಬಂದವನು ಕೇಳಬೇಕು, ಅವನಿಗಿಂತ ಮೊದಲು ಬಂದವನು ಕೈಯೆತ್ತಬೇಕು. ಆ ಮುಖ ನೆನಪಿಟ್ಟುಕೊಂಡರೆ ಸಾಕು, ಆಮೇಲೆ ಎಲ್ಲಿ ಬೇಕಾದರೂ ನೆರಳು ಹುಡುಕಿಕೊಂಡು ಕೂರಬಹುದು. ಆದರೆ ಇವತ್ತು ಯಾರ ಕೈಯೂ ಮೇಲೇಳಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಎದುರು ಮನೆಯ ಮುದುಕ ಫೆರ್ಮಿನ್ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತ. ಹುಟ್ಟಿದಾಗಿನಿಂದ ನೋಡಿದ ಮುಖಗಳು, ಒಂದೊಂದು ಮನೆಯಲ್ಲೂ ಅವನು ಕೈಯಾಡಿಸಿದ ಫ್ಯಾನೋ ಒಲೆಯೋ ಇದ್ದೇ ಇತ್ತು. ಒಂದು ಕೈ ಎತ್ತಲು ಒಬ್ಬರಿಗೂ ಆಗಲಿಲ್ಲ.

ಅವನು ನೇರ ಯಾಮಿಲಾಳತ್ತ ತಿರುಗಿದ.

“ಯಾಮಿಲಾ ಅಕ್ಕಾ, ಅದು ನನ್ನ ವಾಲ್ವಿಂದ ಆದದ್ದಲ್ಲ. ಅದು ಸಿಡಿಯೋ ಜಾತಿಯದ್ದೇ ಅಲ್ಲ. ಒಳಗೆ ಉಗಿ ಜಾಸ್ತಿಯಾದ್ರೆ ಅದೇ ಹೊರಗೆ ಬಿಡುತ್ತೆ.”

“ಬಿಡ್ತು ಕಣೋ! ಚೆನ್ನಾಗೇ ಬಿಡ್ತು. ನಮ್ಮಮ್ಮನ ಮುಖದ ಮೇಲೇ ಬಿಡ್ತು!”

“ಪಾತ್ರೆ ಎಲ್ಲಿದೆ? ಸಂಜೆಯೊಳಗೆ ಅದನ್ನ ಹುಡುಕಿ ಎಲ್ಲರ ಮುಂದೆ ತೋರಿಸ್ತೀನಿ.”

“ತೋರಿಸು. ತೋರಿಸದೇ ಹೋದ್ರೆ ಇನ್ನು ಈ ಬೀದೀಲಿ ಯಾರ ಹೊಸ್ತಿಲೂ ತುಳೀಬೇಡ. ಯಾರ ಪಾತ್ರೇನೂ ಮುಟ್ಟಬೇಡ.”

ಬ್ರೆಡ್ಡು ಇಲ್ಲದೆಯೇ ಅವನು ಅಲ್ಲಿಂದ ಹೊರಟ.

ನಡೆದದ್ದಿಷ್ಟು. ಭಾನುವಾರ ಬೆಳಿಗ್ಗೆ ಯಾಮಿಲಾಳ ತಾಯಿ ಎದೆಲ್ಮಿರಾ ಕಾಫಿಗಿಟ್ಟಿದ್ದಳು. ಪಾತ್ರೆ ಎರಡು ಅಂತಸ್ತಿನದು. ಕೆಳಗೆ ನೀರು, ನಡುವೆ ಸಣ್ಣ ತೂತುಗಳ ಜಾಲರಿಯಿರುವ, ಪುಡಿ ತುಂಬಿದ ಆಲಿಕೆ, ಮೇಲೆ ಕಾಫಿ ಬಂದು ಸೇರುವ ಗಿಂಡಿ. ನೀರು ಕುದಿದು ಪುಡಿಯನ್ನು ಹಾಯ್ದು ಮೇಲೇರಬೇಕು. ಆವತ್ತು ಏರಲಿಲ್ಲ. ಯಾಕೆಂದು ಅವಳು ಬಗ್ಗಿ ನೋಡಿದಳು. ಮೇಲಿನ ಗಿಂಡಿ ಕಿತ್ತುಕೊಂಡು ಹೋಗಿ ಛಾವಣಿಗೆ ಬಡಿಯಿತು, ಕುದಿಯುವ ಪುಡಿಯೆಲ್ಲ ಅವಳ ಮುಖಕ್ಕೆ ಬಡಿಯಿತು. ಬಲಗಣ್ಣು ಅಲ್ಲೇ ಹೋಯಿತು. ಎಡಗಣ್ಣಿನ ಬಗ್ಗೆ ಡಾಕ್ಟರು ಕಾದು ನೋಡೋಣ ಎಂದಿದ್ದರು.

ಆ ಪಾತ್ರೆಯನ್ನು ರಿಪೇರಿ ಮಾಡಿದ್ದು ಒಸ್ಮಾನಿ. ಎರಡು ತಿಂಗಳ ಹಿಂದೆ. ಕೆಳಗಿನ ಪಾತ್ರೆಯಲ್ಲಿದ್ದ, ಹೆಚ್ಚಾದ ಉಗಿ ಬಿಡುವ ಹಳೆಯ ವಾಲ್ವನ್ನು ಸಮುದ್ರದ ಉಪ್ಪುಗಾಳಿ ತಿಂದುಹಾಕಿತ್ತು. ಹೊಸದು ದೇಶದಲ್ಲೇ ಇಲ್ಲ. ಬೀದಿಯ ಉಳಿದ ಮನೆಗಳಲ್ಲಿ ವಾಲ್ವಿನ ತೂತಿಗೆ ಕೈಗೆ ಸಿಕ್ಕ ಬೋಲ್ಟು ಜಡಿದು ಮುಚ್ಚಿ, ದೇವರ ಮೇಲೆ ಭಾರ ಹಾಕಿ ಕಾಫಿ ಕುದಿಸುತ್ತಾರೆ. ಅವನು ಹಾಗೆ ಮಾಡಲಿಲ್ಲ. ಹಳೆಯ ನಲ್ಲಿಯ ಹಿತ್ತಾಳೆಯನ್ನು ಕಡೆದ, ನಡುವೆ ಸಣ್ಣ ತೂತು ಕೊರೆದ, ಒಳಗೆ ಸೈಕಲ್ ಚಕ್ರದ ಬೇರಿಂಗಿನ ಪುಟ್ಟ ಗುಂಡು ಕೂರಿಸಿ ಅದರ ಹಿಂದೆ ಬಾಲ್ ಪೆನ್ನಿನ ಸ್ಪ್ರಿಂಗು ಇಟ್ಟ. ಒತ್ತಡ ಮಿತಿ ಮೀರಿದರೆ ಗುಂಡು ಹಿಂದೆ ಸರಿಯುತ್ತದೆ, ಉಗಿ ಸುಯ್ಯೆಂದು ಹೊರಗೆ ಹೋಗುತ್ತದೆ. ಎರಡು ದಿನದ ಕೆಲಸ. ಮೊದಲನೆಯದು ಎಲ್ಲಾದರೂ ಕೈಕೊಟ್ಟರೆ ಇರಲಿ ಎಂದು ಎರಡು ಮಾಡಿದ್ದ. ಒಂದು ಎದೆಲ್ಮಿರಾಳ ಪಾತ್ರೆಗೆ, ಒಂದು ತನ್ನ ಡಬ್ಬಿಗೆ.

ಯಾಕೆಂದರೆ ಅವಳು ಬೇರೆಯವಳಲ್ಲ. ತಾಯಿ ಮೀನಿನ ಕಾರ್ಖಾನೆಯ ಪಾಳಿಯಲ್ಲಿದ್ದಾಗ ಅವನಿಗೆ ಅನ್ನ, ಕಪ್ಪು ಹುರುಳಿ ಬಡಿಸಿದವಳು ಅವಳು. ಎಂಟನೇ ತರಗತಿಯಲ್ಲಿ ಶಾಲೆಯ ಟೀವಿ ಬಿಚ್ಚಿ, ಜೋಡಿಸುವ ಮೊದಲೇ ಮೇಷ್ಟ್ರ ಕೈಗೆ ಸಿಕ್ಕಿಬಿದ್ದು, ಬೈಸಿಕೊಂಡು, ಇನ್ನು ಹೋಗುವುದೇ ಇಲ್ಲ ಎಂದು ಹಟ ಹಿಡಿದಾಗ, “ಬಿಡು, ಕೈ ಓದಿದರೂ ಓದೇ” ಎಂದು ತನ್ನ ಜಗಲಿಯ ಮೂಲೆಯನ್ನು ಅವನ ಮೊದಲ ವರ್ಕ್‌ಶಾಪಿಗೆ ಬಿಟ್ಟುಕೊಟ್ಟವಳು ಅವಳು. ಅವನು ದೊಡ್ಡಮ್ಮ ಎಂದು ಕರೆಯುತ್ತಿದ್ದದ್ದು ಅವಳೊಬ್ಬಳನ್ನೇ.

ಆ ಜಗಲಿಯಲ್ಲೇ ಅವನು ಸತ್ತ ರಷ್ಯನ್ ವಾಷಿಂಗ್ ಮೆಷಿನ್ನಿನ ಮೋಟಾರು ಕಿತ್ತು ಫ್ಯಾನು ಮಾಡಲು ಕಲಿತ. ರೆಕ್ಕೆಗೆ ಹಳೆಯ ಗ್ರಾಮಫೋನ್ ತಟ್ಟೆ, ಕಾಲಿಗೆ ಒಡೆದ ಟೆಲಿಫೋನು. ಒಮ್ಮೆ ಕ್ಯಾಮೆರಾ ಹಿಡಿದ ವಿದೇಶಿಯೊಬ್ಬ ಬಂದು ಆ ಫ್ಯಾನಿನ ಸುತ್ತ ಮಂಡಿಯೂರಿ ಹರಿದಾಡಿ ಹತ್ತಾರು ಫೋಟೊ ತೆಗೆದ. ಎಂಥ ಕಲ್ಪನೆ, ಎಂಥ ಸೃಷ್ಟಿ, ನೀವೆಲ್ಲ ಕಲಾವಿದರು ಎಂದ. ಒಸ್ಮಾನಿಗೆ ಅವನ ಕತ್ತಿನ ಪಟ್ಟಿ ಹಿಡಿಯುವಷ್ಟು ಸಿಟ್ಟು ಬಂದಿತ್ತು. ಕಲೆಯಂತೆ! ಸೆಕೆಗೆ ಕೂಸು ಮೈತುಂಬ ಬೊಕ್ಕೆಯೆದ್ದು ಅಳುವಾಗ ಅಂಗಡಿಯಲ್ಲಿ ಫ್ಯಾನಿದ್ದರೆ ಯಾವ ಮುಠ್ಠಾಳ ಟೆಲಿಫೋನಿಗೆ ರೆಕ್ಕೆ ಕಟ್ಟುತ್ತಾನೆ? ಆ ವಿದೇಶಿ ಫೋಟೊ ತೆಗೆದುಕೊಂಡು ಹೋದ. ಫ್ಯಾನು ಇಲ್ಲೇ ಉಳಿಯಿತು. ಕರೆಂಟು ಮಾತ್ರ ಬರಲಿಲ್ಲ.

ಎದೆಲ್ಮಿರಾಳ ಮನೆಯಲ್ಲಿ ಯಾಮಿಲಾಳ ಗಂಡ ರಿಗೊ ಒಬ್ಬನೇ ಕುಳಿತು ಛಾವಣಿಗೆ ಅಂಟಿದ ಕಾಫಿಯ ಕಲೆ ನೋಡುತ್ತಿದ್ದ.

“ಪಾತ್ರೆ ಎಲ್ಲಿ ರಿಗೊ?”

“ಯಾವ ಪಾತ್ರೆ?”

“ನಿಮ್ಮಜ್ಜನ ಪಾತ್ರೆ! ಸಿಡಿದದ್ದು.”

ರಿಗೊ ತಲೆ ಕೆರೆದುಕೊಂಡ. “ಮನೇಲಿ ಇಟ್ಕೋಬೇಡ ಅಂದ್ಲು ಇವಳು. ಎಸೆಯೋಕೆ ಅಂತ ಹೊರಗೆ ತಂದೆ. ಎರಡು ಹೆಜ್ಜೆ ಹೋಗೋದ್ರೊಳಗೆ ಪಕ್ಕದ್ಮನೆ ತೊಮಾಸಾ ಮೇಲಿನ ಗಿಂಡಿ ಕೇಳಿದ್ಲು, ಆಲಿಕೇನೂ ಕೇಳಿದ್ಲು. ಕೆಳಗಿಂದು ಫೆರ್ಮಿನ್ ಮಾಮ ತಗೊಂಡ. ಕಸದ ತೊಟ್ಟಿ ತಲುಪೋ ಹೊತ್ತಿಗೆ ನನ್ನ ಕೈಯಲ್ಲಿ ಹಿಡಿಕೆ ಮಾತ್ರ ಇತ್ತು.”

“ಹಿಡಿಕೆ?”

“ಅದನ್ನ ನಾನೇ ಇಟ್ಕೊಂಡೆ,” ಎಂದು ರಿಗೊ ನಾಚಿಕೊಂಡು ಬಾಗಿಲು ತೋರಿಸಿದ. ಕಕ್ಕಸಿನ ಬಾಗಿಲಿಗೆ ಅದನ್ನು ಜಡಿದಿದ್ದ.

ಅಂಥ ಬೀದಿ ಅದು. ಮನುಷ್ಯರು ಹಡಗು ಹತ್ತಿಯೋ ವಿಮಾನ ಹತ್ತಿಯೋ ಹೇಳದೆ ಕೇಳದೆ ಹೊರಟುಹೋಗುತ್ತಾರೆ, ವಸ್ತುಗಳು ಹೋಗುವುದಿಲ್ಲ. ಒಬ್ಬಳ ಮುಖ ಸುಟ್ಟ ಪಾತ್ರೆಗೂ ನಾಲ್ಕು ದಿನದೊಳಗೆ ನಾಲ್ಕು ಕೆಲಸ ಸಿಕ್ಕಿತ್ತು.

ತೊಮಾಸಾ ತನ್ನ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಚಪ್ಪಟೆಯಾದ ಗಿಂಡಿ ಆಗಲೇ ಚೌಕಟ್ಟಿನ ಪಕ್ಕ ತೂಗುತ್ತಿತ್ತು, ಒಳಗೆ ಮಣ್ಣು ಹಾಕಿ ತುಳಸಿಯಂಥದ್ದೊಂದು ಗಿಡ ನೆಟ್ಟಿದ್ದಳು.

“ಗಿಡ ಕೀಳೋಕೆ ಬಂದ್ಯಾ? ಕಿತ್ರೆ ಕೈ ಮುರೀತೀನಿ.”

“ನಿಮ್ಮ ಗಿಡ ನನಗ್ಯಾಕೆ ತಾಯಿ? ಆಲಿಕೆ ತೋರಿಸಿ.”

ಸೀಮೆಎಣ್ಣೆ ಸುರಿಯಲು ಇಟ್ಟುಕೊಂಡಿದ್ದ ಆಲಿಕೆಯನ್ನು ಅವಳು ಒಳಗಿನಿಂದ ತಂದಳು. “ತಂದಾಗ ಒಳಗೆ ಸಿಮೆಂಟು ಮೆತ್ತಿದ ಹಾಗಿತ್ತು ಕಣೋ. ಮೊಳೆ ತಗೊಂಡು ಅರ್ಧ ದಿನ ಕೆರೆದೆ. ಒಂದು ತೂತೂ ತೆರೆದಿರಲಿಲ್ಲ.”

“ಬಟಾಣಿ,” ಎಂದ ಒಸ್ಮಾನಿ.

“ಮತ್ತಿನ್ನೇನು! ರೇಷನ್ನಿನ ಪುಡೀಲಿ ಕಾಫಿ ಎಲ್ಲಿದೆ? ಹುರಿದ ಬಟಾಣಿಗೆ ಕಾಫಿಯ ನೆರಳು ತೋರಿಸಿ ಕಳಿಸ್ತಾರೆ. ಅದರಲ್ಲೂ ಎದೆಲ್ಮಿರಾ ಹಿಟ್ಟಿನ ಹಾಗೆ ನುಣ್ಣಗೆ ಅರೀತಿದ್ಲು, ಇನ್ನೊಂದು ಗುಟುಕು ಜಾಸ್ತಿ ಬರುತ್ತೆ ಅಂತ.”

ಅವನಿಗೆ ಎದೆ ಸ್ವಲ್ಪ ಹಗುರಾಯಿತು. ಆಲಿಕೆ ಕಟ್ಟಿಕೊಂಡಿದೆ, ನೀರು ಮೇಲೇರಲು ದಾರಿಯಿಲ್ಲ. ಆದರೆ ಆಗ ಅವನ ವಾಲ್ವು ಬಿಡಬೇಕಿತ್ತಲ್ಲ? ಅದಕ್ಕಾಗಿಯೇ ಅದನ್ನು ಮಾಡಿದ್ದಲ್ಲವೇ? ಅಲ್ಲಿಗೆ ಎದೆ ಮತ್ತೆ ಭಾರವಾಯಿತು. ತನ್ನ ಎರಡು ದಿನದ ಕೆಲಸ ಸುಳ್ಳಾಗಿದ್ದರೆ ಯಾಮಿಲಾ ಅಂದದ್ದೆಲ್ಲ ನಿಜ. ಅವನು ಓಡಿದಂತೆಯೇ ಫೆರ್ಮಿನ್ ಮನೆಗೆ ಹೋದ.

ಸಾಲಿನಿಂದ ಮರಳಿದ್ದ ಫೆರ್ಮಿನ್ ಅವನನ್ನು ಕಂಡು ಎದ್ದು ನಿಂತ. “ನಾನು ಕೈಯೆತ್ತಬೇಕಿತ್ತು ಮಗಾ. ಎತ್ತಲಿಲ್ಲ. ನಾಳೆ ನನಗೂ ಈ ಬೀದೀಲೇ ಬದುಕಬೇಕಲ್ಲ.”

“ಅದಿರಲಿ ಮಾಮ. ಪಾತ್ರೆಯ ತಳ?”

ಮೇಜಿನ ಮೇಲೆ ಅದು ಬುಡ್ಡಿದೀಪವಾಗಿ ಕುಳಿತಿತ್ತು. ಬಾಯಿಗೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಟೂತ್‌ಪೇಸ್ಟ್ ಟ್ಯೂಬಿನ ಕತ್ತು, ಅದರಿಂದ ಹಳೆಯ ಅಂಗಿಯ ಬತ್ತಿ. ಫೆರ್ಮಿನ್ ಕೈಗೆ ಇಂಥ ಕೆಲಸ ಚೆನ್ನಾಗಿ ಬರುತ್ತಿತ್ತು. ಒಸ್ಮಾನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ.

ವಾಲ್ವಿನ ಜಾಗದಲ್ಲಿ ಕಬ್ಬಿಣದ ಬೋಲ್ಟಿತ್ತು. ಗಟ್ಟಿ ಬೋಲ್ಟು. ತೂತಿಲ್ಲ, ಗುಂಡಿಲ್ಲ, ಸ್ಪ್ರಿಂಗಿಲ್ಲ. ಷಟ್ಕೋನದ ತಲೆಯ ಮೇಲೆ ಒಂದಿಷ್ಟು ಬಿಳಿ ಬಣ್ಣ.

“ಇದು ನಂದಲ್ಲ!” ಅವನು ಅದನ್ನು ಫೆರ್ಮಿನ್ ಮುಂದೆ ಹಿಡಿದ. “ಮಾಮ, ನೋಡಿ, ಇದು ನಂದಲ್ಲ! ನಂದು ಹಿತ್ತಾಳೆ! ಯಾರೋ ಬದಲಾಯಿಸಿದ್ದಾರೆ!”

“ನಂಗೂ ಹಾಗೇ ಅನ್ನಿಸ್ತು. ನಿನ್ನ ಕೆಲಸ ಇಷ್ಟು ಒರಟಾಗಿರಲ್ಲ.”

“ಕೊಡಿ ಇದನ್ನ, ಸಂಜೆ ತಂದು ಕೊಡ್ತೀನಿ.”

“ದೀಪ ಕೊಡಲ್ಲಪ್ಪ. ಬತ್ತಿ ಈಗ ತಾನೇ ಹಿಡಿಸಿದ್ದು. ಅವಳನ್ನೇ ಇಲ್ಲಿಗೆ ಕರ್ಕೊಂಡು ಬಾ, ಎಲ್ಲರನ್ನೂ ಕರ್ಕೊಂಡು ಬಾ, ನೋಡ್ಲಿ.”

“ಮನೇಲಿ ಇನ್ನೊಂದು ವಾಲ್ವಿದೆ, ಅದನ್ನ ತರ್ತೀನಿ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸ್ತೀನಿ!”

ನಾಲ್ಕು ದಿನಗಳಿಂದ ತಲೆ ತಗ್ಗಿಸಿ ನಡೆದ ಬೀದಿಯಲ್ಲಿ ಅವನು ತಲೆಯೆತ್ತಿ ನಡೆದ. ಯಾಮಿಲಾಳಿಗೆ ಏನು ಹೇಳಬೇಕೆಂದು ಮಾತು ಜೋಡಿಸುತ್ತ ಹೋದ. ಅಕ್ಕಾ, ನೀನು ಅಂದದ್ದಕ್ಕೆ ನನಗೆ ಬೇಜಾರಿಲ್ಲ. ಬೇಜಾರಿತ್ತು, ಬೇಕಾದಷ್ಟಿತ್ತು, ಆದರೂ ಹಾಗೆಯೇ ಹೇಳುವುದು. ದೊಡ್ಡಮ್ಮನನ್ನು ನೋಡಲು ನಿನ್ನ ಜೊತೆ ಲಾರಿಯಲ್ಲಿ ನಾನೂ ಬರುತ್ತೇನೆ ಎನ್ನುವುದು.

ಮನೆಯಲ್ಲಿ ಅವನ ತಾಯಿ ಕಾಚಾ ಮೊರದಲ್ಲಿ ಅಕ್ಕಿ ಹರಡಿ ಕಲ್ಲು ಆರಿಸುತ್ತಿದ್ದಳು. ಮೂಲೆಯಲ್ಲಿ ಕನ್ಯಾಮಾತೆಯ ಚಿತ್ರದ ಮುಂದೆ ಎದೆಲ್ಮಿರಾಳ ಹೆಸರಲ್ಲಿ ಒಂದು ಲೋಟ ನೀರು, ಅರ್ಧ ಮೇಣದ ಬತ್ತಿ. ಅವನು ನೇರ ಹಿತ್ತಲಿಗೆ ಹೋಗಿ ಡಬ್ಬಿ ಕೆಳಗಿಳಿಸಿ ಮುಚ್ಚಳ ತೆಗೆದ.

ಮೇಲೆಯೇ ಇತ್ತು ಹಿತ್ತಾಳೆಯ ವಾಲ್ವು. ಅದರ ಪಕ್ಕ ಇನ್ನೊಂದು.

ಎರಡು.

ಒಂದನ್ನು ಎತ್ತಿ ನೋಡಿದ. ಅದರ ತುದಿ ಕಾಫಿಯ ಕರೆಗೆ ಕಪ್ಪಾಗಿತ್ತು. ಅದನ್ನು ತುಟಿಗೆ ಹಿಡಿದು ಜೋರಾಗಿ ಉಸಿರು ಹೀರಿದ, ನಾಲಿಗೆಗೆ ಸುಟ್ಟ ಬಟಾಣಿಯ ರುಚಿ ಹತ್ತಿತು. ಕಡ್ಡಿಯಿಂದ ಗುಂಡನ್ನು ಒತ್ತಿ ನೋಡಿದ. ಸರಿಯಾಗಿ ಹಿಂದೆ ಸರಿದು ಸರಿಯಾಗಿ ವಾಪಸ್ಸು ಬಂತು. ಡಬ್ಬಿಯ ತಳದಲ್ಲಿ ಬಿಳಿ ಬಣ್ಣದ ಬೋಲ್ಟುಗಳಿದ್ದವು, ಸತ್ತ ಅಜ್ಜನ ಕಬ್ಬಿಣದ ಮಂಚವನ್ನು ಬೀದಿಯಲ್ಲಿಟ್ಟು ಬಿಚ್ಚಿ ಕಿಟಕಿಗೆ ಸರಳು ಮಾಡಿದಾಗ ಉಳಿದವು. ಎಂಟಿದ್ದವು. ಈಗ ಏಳು.

“ಅಮ್ಮಾ,” ಎಂದ. ಆ ವಾಲ್ವನ್ನು ಎತ್ತಿ ತೋರಿಸಿದ. “ಇದು ಇಲ್ಲಿಗೆ ಹೇಗೆ ಬಂತು?”

ಕಾಚಾ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು. “ಓ, ಅದಾ? ಹದಿನೈದು ದಿನದ ಹಿಂದೆ ಎದೆಲ್ಮಿರಾ ತಂದಿದ್ಲು. ನೀನು ಫ್ರಿಜ್ಜಿನ ಕೆಲಸಕ್ಕೆ ಪಕ್ಕದೂರು ರೆಮೆದಿಯೋಸ್‌ಗೆ ಹೋಗಿದ್ದೆ. ‘ಕಾಚಾ, ನಿನ್ನ ಮಗನ ವಾಲ್ವು ದಿನಾ ಬೆಳಿಗ್ಗೆ ಸೀಟಿ ಹೊಡೆಯುತ್ತೆ ಕಣೇ, ನೀರೆಲ್ಲ ಅದರಲ್ಲೇ ಹೋಗುತ್ತೆ, ನಂಗೆ ಸಿಗೋದು ಎರಡು ಗುಟುಕು’ ಅಂತ ಗೋಳಾಡಿದ್ಲು. ಪಾಪ, ಅವಳಿಗಿರೋ ಸುಖ ಅಂದ್ರೆ ಅದೊಂದು ಲೋಟ ಕಾಫಿ. ನಾನೇ ಡಬ್ಬಿ ಹುಡುಕಿ ಒಂದು ಬೋಲ್ಟು ಹಾಕ್ಕೊಟ್ಟೆ. ಒಂದು ಹನಿ ಸೋರಲಿಲ್ಲ ನೋಡು! ನಿಂದನ್ನ ಎತ್ತಿಟ್ಟೆ. ಒಳಗೆ ಸ್ಪ್ರಿಂಗಿದೆಯಲ್ಲ, ಎಸೆಯೋಕಾಗುತ್ತಾ?”

ಹೇಳುತ್ತ ಅವಳಿಗೆ ಒಂದು ಹೆಮ್ಮೆಯೂ ಬಂದಿತ್ತು, ಮಗನ ಕೆಲಸ ತನಗೂ ಬಂತಲ್ಲ ಎಂದು. ಬೀದಿಯ ಎಲ್ಲ ಪಾತ್ರೆಗಳಿಗೂ ಬೋಲ್ಟು ಜಡಿದಿದೆ, ತನ್ನ ಮನೆಯದಕ್ಕೂ ಇತ್ತು ಮೊದಲು. ಅದರಲ್ಲೇನು ತಪ್ಪು ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ? ವಾಲ್ವು ಸೀಟಿ ಹೊಡೆದದ್ದು ಅದು ಕೆಟ್ಟುಹೋದದ್ದರಿಂದ ಅಲ್ಲ, ಕೆಲಸ ಮಾಡಿದ್ದರಿಂದ. ದಿನವೂ ಬೆಳಿಗ್ಗೆ ಅದು ಕೂಗಿ ಹೇಳುತ್ತಿತ್ತು, ಆಲಿಕೆ ಕಟ್ಟಿಕೊಂಡಿದೆ, ತೊಳಿ ಎಂದು. ಇಬ್ಬರು ಮುದುಕಿಯರು ಸೇರಿ ಅದರ ಬಾಯಿ ಮುಚ್ಚಿದ್ದರು. ಮತ್ತು ಅವನು, ಮಹಾ ಮೇಸ್ತ್ರಿ, ಅದು ಕೂಗಿದರೆ ಏನು ಮಾಡಬೇಕೆಂದು ದೊಡ್ಡಮ್ಮನಿಗೂ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೇ ಇರಲಿಲ್ಲ.

ಕಾಚಾ ಅವನ ಮುಖ ನೋಡಿದಳು. ಮೊರದಲ್ಲಿ ಅಕ್ಕಿ ಅಲ್ಲಾಡುವುದು ನಿಂತಿತು.

“ಯಾಕೋ ಹಾಗೆ ನೋಡ್ತೀಯಾ? ಅದರಿಂದ ಅಲ್ಲ ತಾನೇ?”

ಎದೆನೋವಿನ ಮಾತ್ರೆ ಸಿಗದೆ ಆರು ತಿಂಗಳಾಗಿತ್ತು ಅವಳಿಗೆ. ಎದೆಲ್ಮಿರಾ ಅವಳಿಗೆ ನಲವತ್ತು ವರ್ಷದ ಗೆಳತಿ.

“ಅಲ್ಲ,” ಎಂದ ಒಸ್ಮಾನಿ. “ಬಟಾಣಿ ಕಣಮ್ಮ. ಆಲಿಕೇಲಿ ಬಟಾಣಿ ಕಟ್ಟಿಕೊಂಡಿತ್ತು. ತೊಮಾಸಾನ ಕೇಳಿ ಬಂದೆ. ಏನು ಹಾಕಿದ್ರೂ ಸಿಡೀತಿತ್ತು.”

ಅವಳು ಶಿಲುಬೆಯ ಗುರುತು ಮಾಡಿಕೊಂಡು ಉಸಿರು ಬಿಟ್ಟಳು. ಮರುಕ್ಷಣವೇ ಅವಳಿಗೆ ಜೋರು ಬಂತು. “ಹಂಗಾದ್ರೆ ಹೋಗಿ ಹೇಳೋ! ಬೀದಿಯೆಲ್ಲ ನಿನ್ನ ಹೆಸರಿಗೆ ಉಗೀತಿದೆ, ನೀನು ಡಬ್ಬಿ ತೊಡೆ ಮೇಲಿಟ್ಕೊಂಡು ಕೂತಿದ್ದೀಯಾ? ನಡಿ, ನಾನೇ ಬಂದು ಹೇಳ್ತೀನಿ. ವಾಲ್ವೇ ಇರಲಿಲ್ಲ, ನಾನೇ ತೆಗೆದಿದ್ದೆ ಅಂತೀನಿ.”

“ನೀನು ಏನೂ ಹೇಳ್ಬೇಡ.”

“ಯಾಕೆ?”

“ಹೇಳ್ಬೇಡ ಅಂದೆ ಅಷ್ಟೇ! ಬಾಯಿ ತೆಗೀಬೇಡ!”

ಅವನು ಯಾವತ್ತೂ ತಾಯಿಯ ಮೇಲೆ ಹಾಗೆ ಕೂಗಿರಲಿಲ್ಲ. ಅವಳು ಮೊರ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಕಲ್ಲು ಆರಿಸುವ ಸದ್ದು ಬಂತು, ಮೊದಲಿಗಿಂತ ನಿಧಾನವಾಗಿ.

ಅವನಿಗೆ ಏನನ್ನಾದರೂ ಒಡೆದು ಹಾಕಬೇಕೆನಿಸಿತು. ಸುತ್ತ ನೋಡಿದ. ಒಡೆಯಲು ಒಂದೂ ವಸ್ತುವಿರಲಿಲ್ಲ. ಎಲ್ಲವೂ ಆಗಲೇ ಒಂದೊಂದು ಸಲ ಒಡೆದು, ಇನ್ನೇನೋ ಆಗಿ ಕುಳಿತಿದ್ದವು. ಇಲ್ಲಿ ಯಾವುದಕ್ಕೂ ಕೊನೆಯೆಂಬುದಿಲ್ಲ. ದಾರಿಗಳನ್ನು ಒಂದೊಂದಾಗಿ ಲೆಕ್ಕ ಹಾಕಿದ. ದೊಡ್ಡಮ್ಮನೇ ಬದಲಾಯಿಸಿಕೊಂಡಳು ಎಂದರೆ, ಆಸ್ಪತ್ರೆಯಲ್ಲಿ ಕೇಳುತ್ತಾರೆ, ಅವಳು ಕಾಚಾ ಎನ್ನುತ್ತಾಳೆ. ಗೊತ್ತಿಲ್ಲ ಎಂದರೆ, ಹಾಗಾದರೆ ಯಾರು ಎಂದು ಹುಡುಕುತ್ತಾರೆ. ನಾನಲ್ಲ ಎನ್ನುವ ಯಾವ ಮಾತೂ ಇದೇ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಬೋಲ್ಟು ಹಾಕಿದವನು ಸಿಕ್ಕಿದ್ದಾನೆ ಎಂದಾದರೆ ಮಾತ್ರ ಯಾರೂ ಮುಂದೆ ಕೇಳುವುದಿಲ್ಲ.

ನಾಲ್ಕು ಗಂಟೆಗೆ ಹೊರಗೆ ಗದ್ದಲ ಕೇಳಿಸಿತು.

ಯಾಮಿಲಾ ಬೆನ್ನಿಗೆ ಚಾದರದ ಗಂಟು ಹಾಕಿಕೊಂಡು ಅವನ ಮೆಟ್ಟಿಲ ಕೆಳಗೆ ನಿಂತಿದ್ದಳು. ಅವಳ ಹಿಂದೆ ರಿಗೊ, ತೊಮಾಸಾ, ಸಾಲಿನಲ್ಲಿದ್ದ ಅರ್ಧ ಜನ. ಎಲ್ಲರಿಗಿಂತ ಹಿಂದೆ ಫೆರ್ಮಿನ್, ದೀಪವನ್ನು ಎದೆಗವಚಿಕೊಂಡು, ಏನೋ ಕೆಟ್ಟದ್ದು ಮಾಡಿದವನಂತೆ. ಒಳ್ಳೆಯದು ಮಾಡಹೋದವನು ಅವನು. ಒಸ್ಮಾನಿ ಬರಲು ತಡವಾಯಿತೆಂದು ತಾನೇ ಹೋಗಿ ಅವಳನ್ನು ಕರೆದು, ನೋಡಮ್ಮ, ಇದು ಅವನ ವಾಲ್ವಲ್ಲ ಎಂದು ತೋರಿಸಿದ್ದ.

“ಈಗ ಫೋನ್ ಬಂತು,” ಎಂದಳು ಯಾಮಿಲಾ. ಬೆಳಿಗ್ಗೆಯಂತೆ ಕೂಗಲಿಲ್ಲ. “ಎಡಗಣ್ಣೂ ಹೋಯ್ತು.”

ಒಸ್ಮಾನಿ ಹೊಸ್ತಿಲಲ್ಲಿ ನಿಂತಿದ್ದ. ಹಿಂದೆ ತಾಯಿ ಬಂದು ನಿಂತದ್ದು ಅವಳ ಉಸಿರಿನಿಂದ ಗೊತ್ತಾಯಿತು.

“ಹಿತ್ತಾಳೆ, ಸ್ಪ್ರಿಂಗು, ಗುಂಡು! ಎಷ್ಟು ಚಂದ ಕಥೆ ಹೇಳಿದ್ಯಲ್ಲೋ. ಮಾಮ ದೀಪ ತೋರಿಸ್ದ. ಬಿಳಿ ಬೋಲ್ಟು. ಈ ಬೀದೀಲಿ ಬಿಳಿ ಮಂಚ ಯಾರ ಮನೇಲಿತ್ತೋ? ಬೀದಿ ಮಧ್ಯ ಕೂತು ಅದನ್ನ ಬಿಚ್ಚಿದ್ದು ಯಾರು? ನಾವೆಲ್ಲ ನೋಡಿದ್ದೀವಿ. ಮುದುಕಿಗೇನು ಗೊತ್ತಾಗುತ್ತೆ ಅಂತ ಅದನ್ನೇ ಜಡಿದು ಕಳಿಸ್ದೆ. ನಿನಗೆ ಅನ್ನ ಹಾಕಿದವಳಿಗೆ!”

“ಅವನಲ್ಲ ಅನ್ಸುತ್ತಮ್ಮಾ, ಅವನ ಕೈಕೆಲಸ ಹಾಗಿರಲ್ಲ,” ಎಂದು ಫೆರ್ಮಿನ್ ಹಿಂದಿನಿಂದ ಕ್ಷೀಣವಾಗಿ ಹೇಳಿದ.

“ಅವನೇ ಹೇಳ್ಲಿ. ಒಂದೇ ಮಾತು ಕೇಳ್ತೀನಿ, ಇಲ್ಲ ಅಂದ್ರೆ ಇಲ್ಲ ಅಂತ ನಂಬ್ತೀನಿ, ಆ ಮಾತೆಯಾಣೆ. ಆ ಬೋಲ್ಟು ಹಾಕಿದ್ದು ನೀನಾ, ಅಲ್ವಾ?”

ಹಿಂದಿನಿಂದ ಕಾಚಾ ಬಾಯಿ ತೆರೆದಳು. “ಯಾಮಿಲಾ, ಮಗಳೇ, ಅದು...”

ಒಸ್ಮಾನಿ ತಿರುಗಿ ತಾಯಿಯನ್ನು ನೋಡಿದ. ಅವಳ ಮಾತು ಅಲ್ಲಿಯೇ ನಿಂತಿತು. ಬಾಯಿ ಮಾತ್ರ ಮುಚ್ಚಲಿಲ್ಲ. ಅವಳು ಅವನ ಮುಖದಿಂದ ಫೆರ್ಮಿನ್‌ನ ಕೈಯ ದೀಪಕ್ಕೆ, ದೀಪದಿಂದ ಮತ್ತೆ ಅವನ ಮುಖಕ್ಕೆ ಕಣ್ಣು ಹೊರಳಿಸಿದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ ನೋಡಲು ಅವನು ನಿಲ್ಲಲಿಲ್ಲ.

ಮೆಟ್ಟಿಲಿಳಿದ. ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು, ತೊಮಾಸಾ ಪಾದದ ಹತ್ತಿರ ಉಗಿದಳು.

“ಲೋ, ಹೇಳಿ ಹೋಗೋ! ನಾಲಿಗೆ ಬಿದ್ದೋಗಿದ್ಯಾ? ಅಲ್ಲ ಅಂತಾದ್ರೂ ಅನ್ನೋ, ನಾಯೀ!” ಎಂದು ಯಾಮಿಲಾ ಹಿಂದಿನಿಂದ ಕೂಗಿದಳು.

ಅವನು ಸಮುದ್ರದ ಕಡೆಯ ತಿರುವಿನತ್ತ ನಡೆಯುತ್ತಲೇ ಹೋದ.